ಹುಲಿ ಕಟ್ಟಿದರೆ ಅರ್ಧ ಅಂಕ

ಬಳಸುವ ಮುನ್ನ ಓದಿ

ಈ ಕೈಪಿಡಿ ಮಕ್ಕಳಿಗಲ್ಲ, ಅವರಿಗೆ ಆಡಲು ಬರುತ್ತದೆ. ಭಾನುವಾರ ಕತ್ತಲಿರುವಾಗಲೇ ಎದ್ದು, ಮಗುವಿನ ತಲೆಗೆ ಎಣ್ಣೆ ಹಚ್ಚಿ ಬಾಚಿ, ಡಬ್ಬಿಗೆ ಟೊಮೆಟೊ ಬಾತ್ ತುಂಬಿಸಿಕೊಂಡು, ಮಳವಳ್ಳಿ ತಾಲ್ಲೂಕಿನ ಬಂಡೂರಿನಿಂದ ಮಂಡ್ಯಕ್ಕೋ ಮೈಸೂರಿಗೋ ‘ಚೆಸ್ ಟೂರ್ನಿ’ ಅಂತ ಹೊರಡುವ ಅಪ್ಪ, ಅವ್ವ, ಪಿ.ಟಿ. ಮೇಷ್ಟ್ರು, ಸೋದರಮಾವ ಮುಂತಾದವರಿಗೆ ಇದು. ನಾನು ಕೊನೆಯ ವರ್ಗದವನು. ನನ್ನ ವಶಕ್ಕೆ ಕೊಟ್ಟಿದ್ದು ಅಕ್ಕನ ಮಗಳನ್ನು: ಹನ್ನೊಂದು ವರ್ಷ, ಎರಡು ಜಡೆ, ಯೋಚನೆ ಹತ್ತಿದರೆ ಜಡೆಯ ತುದಿ ಬಾಯಿಗೆ. ಈ ಜಡೆಯ ದೋಷ ತಯಾರಿಕೆಯಲ್ಲೇ ಬಂದದ್ದು, ರಿಪೇರಿ ಇಲ್ಲ.

ಮೊದಲ ಎಚ್ಚರಿಕೆ ಊರಿನ ಹೆಸರಿನದು. ನೋಂದಣಿ ಮೇಜಿನಲ್ಲಿ ಕೂತವರು ‘ಎಲ್ಲಿಂದ ಬಂದ್ರಿ?’ ಅನ್ನುತ್ತಾರೆ. ‘ಬಂಡೂರು’ ಅಂದ ತಕ್ಷಣ ಪೆನ್ನು ನಿಲ್ಲುತ್ತದೆ. ‘ಓ, ಕುರಿ ಬಂಡೂರಾ?’ ಹೌದು, ಅದೇ. ಗಿಡ್ಡ ಕಾಲು, ತುಂಬಿದ ಮೈ, ಹಿಂದಿನಿಂದ ನೋಡಿದರೆ ಇಂಗ್ಲಿಷಿನ ‘ಯು’ ಅಕ್ಷರವನ್ನು ಬೋರಲು ಹಾಕಿದಂಥ ತೊಡೆ, ಸರ್ಕಾರಿ ಕಾಗದದಲ್ಲಿ ‘ಮಂಡ್ಯ ತಳಿ’ ಅಂತಲೂ ಊರೂರಿನ ಮಾಂಸದಂಗಡಿ ಬೋರ್ಡಿನಲ್ಲಿ ಒಮ್ಮೆ ಬಂಡೂರು ಒಮ್ಮೆ ಬನ್ನೂರು ಅಂತಲೂ ಕರೆಸಿಕೊಳ್ಳುವ ಅದೇ ಕುರಿ. ಒಂದೊಂದು ಟಗರು ಲಕ್ಷ ದಾಟಿ ಮಾರಿದ್ದು ಪೇಪರಿನಲ್ಲೂ ಬಂದಿದೆ. ನಕ್ಕುಬಿಡಿ. ಮರಿಯ ರೇಟು ಕೇಳಿದರೆ ಮಾತ್ರ ಹೇಳಲು ಹೋಗಬೇಡಿ. ಶುರು ಮಾಡಿದರೆ ಹಿಂದಿನ ಸಾಲು ಬಾಗಿಲು ದಾಟುತ್ತದೆ, ಮಗುವಿನ ಮೊದಲ ಸುತ್ತು ತಪ್ಪುತ್ತದೆ.

ಚೀಲದಲ್ಲಿ ಏನೇನಿರಬೇಕು

ಜನನ ಪ್ರಮಾಣಪತ್ರದ ಜೆರಾಕ್ಸ್ ಎರಡು. ಆಧಾರ್ ಜೆರಾಕ್ಸ್ ಒಂದು. ನೀರಿನ ಬಾಟಲಿ, ಡಬ್ಬಿ, ಸ್ವೆಟರ್ (ಮಗುವಿಗೆ ಚಳಿ ಆಗುವುದಿಲ್ಲ, ಅವರಜ್ಜಿಗೆ ಆಗುತ್ತದೆ). ಚೆಸ್ ಸೆಟ್.

ಸೆಟ್ ಬಗ್ಗೆ ಎರಡು ಮಾತು. ‘ಸ್ಪರ್ಧಿಗಳು ತಮ್ಮ ಸೆಟ್ ತಾವೇ ತರತಕ್ಕದ್ದು’ ಎಂದು ಕರಪತ್ರದ ಕೊನೆಯ ಸಾಲಿನಲ್ಲಿ ಸಣ್ಣಕ್ಷರದಲ್ಲಿ ಇರುವುದುಂಟು. ನಮ್ಮ ಮನೆಯ ಸೆಟ್ಟಿನಲ್ಲಿ ಕಪ್ಪು ಕುದುರೆ ಒಂದು ಕಳೆದುಹೋಗಿ ಎರಡು ವರ್ಷ. ಅದರ ಜಾಗದಲ್ಲಿ ಸೋಡಾ ಬಾಟಲಿಯ ಮುಚ್ಚಳ ಕೆಲಸ ಮಾಡುತ್ತದೆ. ಕುದುರೆಯಂತೆಯೇ ನೆಗೆಯುತ್ತದೆ, ಆನೆಯನ್ನೂ ತಿನ್ನುತ್ತದೆ, ಮನೆಯಲ್ಲಿ ಯಾರೂ ಅದರ ಜಾತಿ ಕೇಳಿಲ್ಲ. ಟೂರ್ನಿಯಲ್ಲಿ ಇದು ನಡೆಯುವುದಿಲ್ಲ. ಪುಣ್ಯಕ್ಕೆ ನಾವು ಹೋದ ಟೂರ್ನಿಯಲ್ಲಿ ಸಂಘಟಕರೇ ಸೆಟ್ ಇಟ್ಟಿದ್ದರು. ಮೊದಲ ಸುತ್ತಿನಲ್ಲಿ ನಮ್ಮ ಹುಡುಗಿ ಕೂತವಳೇ ಎಡಗಡೆಯ ಕಪ್ಪು ಕುದುರೆಯನ್ನು ಕೈಗೆತ್ತಿಕೊಂಡು, ಅದರ ಕಿವಿ, ಮೂಗು, ಜೂಲು ಎಲ್ಲ ಬೆರಳಲ್ಲಿ ಸವರಿ ನೋಡಿ ಮತ್ತೆ ಇಟ್ಟಳು. ಗಡಿಯಾರ ಇನ್ನೂ ಶುರುವಾಗಿರಲಿಲ್ಲ, ಅದಕ್ಕೆ ತಪ್ಪಾಗಲಿಲ್ಲ.

‘ಚೆಸ್ಸು ಪಸ್ಸು ಎಲ್ಲ ಸಿಟಿಯವರಿಗೆ, ನಮಗ್ಯಾಕೆ’ ಎಂದು ಹೊರಡುವಾಗ ಯಾರಾದರೂ ಜಗಲಿಯಿಂದ ಅಂದೇ ಅನ್ನುತ್ತಾರೆ. ಉತ್ತರ ಸಿದ್ಧವಿಟ್ಟುಕೊಳ್ಳಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲೇ ‘ಮಾನಸೋಲ್ಲಾಸ’ದಲ್ಲಿ ಚದುರಂಗಕ್ಕೆ ಜಾಗ ಕೊಟ್ಟಿದ್ದಾನೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಒಂದು ಕುದುರೆಯನ್ನು ಹಲಗೆಯ ಎಲ್ಲ ಮನೆಗೂ ಒಂದೊಂದೇ ಸಲ ಹಾಯಿಸುವ ಬಂಧಗಳನ್ನು ಕಟ್ಟಿದವರು. ಎಂಟೆಂಟು ಅರವತ್ತನಾಲ್ಕು ಸಾಲದೆಂದು ಹನ್ನೆರಡು ಹನ್ನೆರಡರ ಹಲಗೆಯಲ್ಲೂ ಓಡಿಸಿದರು. ಆ ಮೈಸೂರಿನಿಂದಲೇ 2017ರಲ್ಲಿ ಎಂ.ಎಸ್. ತೇಜ್‌ಕುಮಾರ್ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು, ಅದೂ ಮೂವತ್ತು ದಾಟಿದ ಮೇಲೆ. ಬೆಂಗಳೂರಿನ ಪ್ರಣವ್ ಆನಂದ್ 2022ರಲ್ಲಿ ರೊಮೇನಿಯಾಕ್ಕೆ ಹೋಗಿ ಹದಿನಾರರೊಳಗಿನವರ ವಿಶ್ವ ಚಾಂಪಿಯನ್ ಆಗಿ ಬಂದ. ಇಷ್ಟು ಹೇಳುವ ಹೊತ್ತಿಗೆ ಜಗಲಿಯವರು ಬೇರೆ ವಿಷಯಕ್ಕೆ ಹೋಗಿರುತ್ತಾರೆ. ನೀವು ಬಸ್ಸು ಹತ್ತಿ.

ಬಿಡಿಭಾಗಗಳ ಹೆಸರು

ಅಕಾಡೆಮಿಗೆ ಹೋಗುವ ಮಕ್ಕಳು ರೂಕ್, ಬಿಷಪ್, ನೈಟ್, ಕ್ವೀನ್ ಅನ್ನುತ್ತಾರೆ. ನಮ್ಮಲ್ಲಿ ಆನೆ, ಒಂಟೆ, ಕುದುರೆ, ಮಂತ್ರಿ. ಭಾಷೆ ಬದಲಿಸಲು ಮಗುವಿಗೆ ಹೇಳಬೇಡಿ, ಕಾಯಿಗಳಿಗೆ ಎರಡೂ ಅರ್ಥವಾಗುತ್ತದೆ. ರಾಜ ಒಂದು ಹೆಜ್ಜೆ ಇಟ್ಟರೆ ಮಂತ್ರಿ ಇಡೀ ಹಲಗೆ ಸುತ್ತಿ ಬರುವುದನ್ನು ಕಂಡು ಊರಾಚೆಯವರು ಬೆರಗಾಗಬಹುದು. ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿದ ಮಗುವಿಗೆ ಅದರಲ್ಲಿ ಹೊಸದೇನೂ ಕಾಣುವುದಿಲ್ಲ.

ಜೋಡಣೆ

ಬಲಗೈ ಮೂಲೆಯಲ್ಲಿ ಬಿಳಿ ಮನೆ ಬರುವಂತೆ ಹಲಗೆ ಇಡಬೇಕು. ಬಿಳಿ ಮಂತ್ರಿ ಬಿಳಿ ಮನೆಯಲ್ಲಿ, ಕಪ್ಪು ಮಂತ್ರಿ ಕಪ್ಪು ಮನೆಯಲ್ಲಿ. ಇದನ್ನು ಮಕ್ಕಳು ಅರ್ಧ ನಿಮಿಷದಲ್ಲಿ ಮುಗಿಸುತ್ತಾರೆ. ಉಳಿದ ಒಂದೂಕಾಲು ಗಂಟೆ ಉದ್ಘಾಟನೆಗೆ.

ಆ ದಿನ ದೀಪ ಹಚ್ಚಿದ ಮುಖ್ಯ ಅತಿಥಿಗಳು ಒಂದನೆಯ ಹಲಗೆಯ ಮುಂದೆ ನಿಂತು, ಕ್ಯಾಮೆರಾದ ಕಡೆ ನೋಡುತ್ತಾ, ರಾಜನ ಮುಂದಿನ ಸಿಪಾಯಿಯನ್ನು ಮೂರು ಮನೆ ಮುಂದಿಟ್ಟರು. ಚಪ್ಪಾಳೆ ಬಿತ್ತು. ಮೂರನೆಯ ತರಗತಿಯ ಹುಡುಗನೊಬ್ಬ ‘ಇಲ್ಲೀಗಲ್’ ಅಂದದ್ದು ಎಲ್ಲರಿಗೂ ಕೇಳಿಸಿತು. ಕಾನೂನು ಪ್ರಕಾರ ಅವನದು ಆತುರ. ತಪ್ಪು ನಡೆ ಪೂರ್ತಿಯಾಗುವುದು ಗಡಿಯಾರ ಒತ್ತಿದ ಮೇಲೆ. ಒತ್ತಿದ್ದರೆ ಎದುರಾಳಿಗೆ ಎರಡು ನಿಮಿಷ ಹೆಚ್ಚಿಗೆ ಸಿಗುತ್ತಿತ್ತು, ಇನ್ನೊಮ್ಮೆ ಹಾಗೇ ಮಾಡಿದ್ದರೆ ಅತಿಥಿಗಳು ಸೋಲುತ್ತಿದ್ದರು. ಅವರು ಒತ್ತಲಿಲ್ಲ, ಶಾಲು ಹೊದ್ದು ಹೊರಟರು. ತೀರ್ಪುಗಾರರು, ಅಂದರೆ ಆರ್ಬಿಟರ್, ಬಂದು ಸಿಪಾಯಿಯನ್ನು ಎತ್ತಿ ಸ್ವಸ್ಥಾನಕ್ಕೆ ಕೂರಿಸಿದರು.

ಯಾರ ಎದುರು ಯಾರು ಎಂಬುದನ್ನು ಗೋಡೆಗೆ ಅಂಟಿಸುತ್ತಾರೆ. ಆ ಹಾಳೆಯ ಮುಂದೆ ಆಗುವ ನೂಕುನುಗ್ಗಲು ಮುತ್ತತ್ತಿ ಜಾತ್ರೆಯನ್ನೂ ಮೀರಿಸುತ್ತದೆ. ಪದ್ಧತಿ ಸ್ವಿಸ್: ಸೋತವರು ಮನೆಗೆ ಹೋಗುವ ಹಾಗಿಲ್ಲ, ಏಳು ಸುತ್ತೂ ಆಡಬೇಕು. ಗೆದ್ದವರಿಗೆ ಗೆದ್ದವರು, ಸೋತವರಿಗೆ ಸೋತವರು ಸಿಗುತ್ತಾ ಹೋಗುತ್ತಾರೆ. ಹಾಳೆಯಲ್ಲಿ ಹೆಸರಿನ ಪಕ್ಕ ರೇಟಿಂಗ್ ಇರುತ್ತದೆ. 2024ರ ಮಾರ್ಚಿನಿಂದ ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ರೇಟಿಂಗಿನ ತಳ 1000ದಿಂದ 1400ಕ್ಕೆ ಏರಿದ್ದರಿಂದ, ರೇಟಿಂಗ್ ಇದ್ದವರೆಲ್ಲ ಸಾವಿರದ ನಾನೂರರ ಮೇಲಿನವರೇ. ಇಲ್ಲದವರ ಪಕ್ಕ ಸೊನ್ನೆ. ನಮ್ಮ ಹುಡುಗಿ ಹಾಳೆ ನೋಡಿ ಬಂದು, ‘ಮಾವ, ನಂಗೆ ಸೊನ್ನೆ ಕೊಟ್ಟವ್ರೆ, ಇನ್ನೂ ಆಡೇ ಇಲ್ಲ’ ಅಂದಳು. ವಿವರಿಸುವ ಪ್ರಯತ್ನ ಮಾಡಿದೆ. ಕೈಪಿಡಿಯ ಈ ಭಾಗ ನನಗೇ ಸರಿಯಾಗಿ ಬರೆಯಲು ಬರುತ್ತಿಲ್ಲ.

ಕಾಯಿಯನ್ನು ಮುಟ್ಟಿದರೆ ಅದನ್ನೇ ನಡೆಸಬೇಕು. ಇದು ಟಚ್ ಮೂವ್. ಮನೆಯೊಳಗೆ ವಾರೆಯಾಗಿ ಕೂತ ಕಾಯಿಯನ್ನು ನೆಟ್ಟಗೆ ಮಾಡಬೇಕಿದ್ದರೆ ಮುಟ್ಟುವ ಮುಂಚೆ ‘ಅಡ್ಜಸ್ಟ್’ ಎನ್ನಬೇಕು. ಇಡೀ ಚೆಸ್ ಕಾನೂನಿನಲ್ಲಿ ನಮ್ಮವರಿಗೆ ಹೇಳಿಕೊಡಬೇಕಿಲ್ಲದ ಪದ ಇದೊಂದೇ. ಮಳವಳ್ಳಿ ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವರಾಗಿ ಕೂತು ಬಂದ ಯಾರಿಗಾದರೂ ಅದು ಬಾಯಿಗೆ ಬರುತ್ತದೆ.

ಚಾಲನೆ

ಆಟ ಶುರುವಾದ ಮೇಲೆ ದೊಡ್ಡವರನ್ನು ಹೊರಗೆ ಹಾಕಿ ಬಾಗಿಲು ಮುಚ್ಚುತ್ತಾರೆ. ಹಾಕಲೇಬೇಕು. ಮೊದಲ ಸುತ್ತಿಗೆ ನಮ್ಮನ್ನು ಗೋಡೆಯ ಪಕ್ಕ ನಿಲ್ಲಲು ಬಿಟ್ಟಿದ್ದರು. ಹತ್ತನೆಯ ನಿಮಿಷಕ್ಕೆ ನನ್ನ ಜೇಬಿನ ಫೋನು ಹಾಡಲು ಶುರು ಮಾಡಿತು, ಅದೂ ಪೂರ್ತಿ ವಾಲ್ಯೂಮಿನಲ್ಲಿ. ಅಕ್ಕನ ಫೋನು, ಮಗು ಏನಾದರೂ ತಿಂದಳಾ ಅಂತ. ನೂರಿಪ್ಪತ್ತು ಮಕ್ಕಳು ಒಟ್ಟಿಗೆ ತಿರುಗಿ ನನ್ನನ್ನು ನೋಡಿದ ನೋಟವನ್ನು ನಾನು ಯಾವ ಶತ್ರುವಿಗೂ ಬಯಸುವುದಿಲ್ಲ. ಅದು ಆಟಗಾರರ ಫೋನಾಗಿದ್ದರೆ ಆಟ ಸೋತಂತೆ. ಮಾವಂದಿರ ಫೋನಾದ್ದರಿಂದ ಮಾವಂದಿರನ್ನಷ್ಟೇ ಕಳೆದುಕೊಂಡರು. ಎರಡನೆಯ ಸುತ್ತಿನಿಂದ ನಾವೆಲ್ಲ ಕಿಟಕಿಯ ಸರಳು ಹಿಡಿದು ನಿಂತೆವು.

ಸರಳಿನ ಈಚೆ ನಿಂತವರು ಪಾಲಿಸಬೇಕಾದದ್ದು: ಕಣ್ಣು ಮಿಟುಕಿಸಬೇಡಿ, ಕೆಮ್ಮಬೇಡಿ, ಹುಬ್ಬು ಹಾರಿಸಬೇಡಿ, ಪಕ್ಕದವರ ಮಗ ಸೋಲುತ್ತಿದ್ದರೆ ‘ಪಾಪ’ ಅನ್ನಬೇಡಿ. ನಿಮ್ಮ ಮುಖವನ್ನು ಮಗು ಓದುತ್ತದೆ. ಹಲಗೆಯಲ್ಲಿ ಇಲ್ಲದ ಅಪಾಯ ಮುಖದಲ್ಲಿ ಕಂಡು ಒಳ್ಳೆಯ ನಡೆಯನ್ನು ಬಿಟ್ಟುಬಿಡುತ್ತದೆ.

ಮೂರನೆಯ ಸುತ್ತಿಗೆ ಇವಳಿಗೆ ಸಿಕ್ಕವನು ಅವಳಿಗಿಂತ ಒಂದು ಗೇಣು ಕುಳ್ಳ, ಅಕಾಡೆಮಿಯ ನೀಲಿ ಟೀ ಶರ್ಟು, ಹೆಸರಿನ ಪಕ್ಕ ನಾಲ್ಕಂಕಿ. ಬಿಳಿ ಅವನದು. ಇಬ್ಬರಿಗೂ ಹದಿನೈದು ನಿಮಿಷ, ನಡೆಗೆ ಐದು ಸೆಕೆಂಡ್ ಹೆಚ್ಚಿಗೆ. ಕೈ ಕುಲುಕಿದರು. ಅವನು ಎದುರಿನ ಸೊನ್ನೆಯನ್ನು ಓದಿಕೊಂಡೇ ಬಂದಿದ್ದ ಅನ್ನುವುದಕ್ಕೆ ಎರಡನೆಯ ನಡೆಯೇ ಸಾಕ್ಷಿ. ಸಿಪಾಯಿ ಇ4ಕ್ಕೆ, ಅದರ ಹಿಂದೆಯೇ ಮಂತ್ರಿ ನೇರ ಎಚ್5ಕ್ಕೆ. ನಾಲ್ಕು ನಡೆಯಲ್ಲಿ ಎಫ್7ಕ್ಕೆ ನುಗ್ಗಿ ಕಥೆ ಮುಗಿಸುವ, ಜಗತ್ತಿನ ಪ್ರತಿ ಶಾಲೆಯಲ್ಲೂ ಮೊದಲ ವಾರ ಕಲಿಯುವ ಕಸುಬು. ಇವಳು ಕುದುರೆ ತಂದು ಸಿಪಾಯಿಗೆ ಕಾವಲಿಟ್ಟಳು. ಅವನು ಒಂಟೆಯನ್ನು ಸಿ4ಕ್ಕೆ ತಂದ. ಇವಳು ಜಿ6ಕ್ಕೆ ಸಿಪಾಯಿ ತಳ್ಳಿದಳು, ‘ಹೋಗಪ್ಪ ಆಚೆ’ ಅನ್ನುವಂತೆ. ಮಂತ್ರಿ ಎಫ್3ಕ್ಕೆ ಸರಿದು ಅಲ್ಲಿಂದಲೇ ಮತ್ತೆ ಎಫ್7ಕ್ಕೆ ಕಣ್ಣಿಟ್ಟಿತು. ಇವಳ ಎರಡನೆಯ ಕುದುರೆ ಎಫ್6ಕ್ಕೆ ಬಂದು ದಾರಿಗೆ ಅಡ್ಡ ನಿಂತಿತು. ಮನೆಯಲ್ಲಾಗಿದ್ದರೆ ಅದೇ ಸೋಡಾ ಮುಚ್ಚಳ.

ಕಿಟಕಿಯಿಂದ ನನಗೆ ಇಷ್ಟೆಲ್ಲ ಕಾಣಲಿಲ್ಲ, ಕಂಡಿದ್ದು ಜಡೆ. ವಾಪಸ್ ಬರುವಾಗ ಬಸ್ಸಿನಲ್ಲಿ ಸುರುಳಿ ಹಲಗೆಯನ್ನು ನನ್ನ ತೊಡೆಯ ಮೇಲೆ ಹಾಸಿ ಅವಳು ಆಡಿ ತೋರಿಸಿದ ಆಟ ಇದು. ಅಂಗಡಿಯಿಂದ ಮೂರು ಸಾಮಾನು ತರಲು ಹೇಳಿದರೆ ಎರಡನ್ನು ಮರೆತು ಬರುವ ಮಗುವಿಗೆ ಐವತ್ತು ಚಿಲ್ಲರೆ ನಡೆ ಒಂದೂ ಬಿಡದೆ ನೆನಪಿರುತ್ತದೆ. ಈ ಕಾರ್ಯವೈಖರಿಯ ಕಾರಣ ತಯಾರಕರಿಗೂ ತಿಳಿದಿಲ್ಲ.

ಅವನು ಕುದುರೆಯನ್ನು ಇ2ಕ್ಕೆ ಇಟ್ಟ, ಇವಳು ಒಂಟೆಯನ್ನು ಜಿ7ಕ್ಕೆ. ಈಗ ಅವನು ರಾಜನನ್ನು ಕೋಟೆಯೊಳಗೆ ಸೇರಿಸಬೇಕು, ಕ್ಯಾಸಲಿಂಗ್. ಇಲ್ಲಿ ಆತುರಬಿದ್ದ. ಮೊದಲು ಆನೆಯನ್ನು ಹಿಡಿದೆತ್ತಿ, ಆಮೇಲೆ ರಾಜನನ್ನು ಎತ್ತಿ, ಎರಡನ್ನೂ ಜಾಗ ಬದಲಿಸಿ ಗಡಿಯಾರ ಒತ್ತಿದ. ಕಾನೂನು ಹೇಳುವುದು: ಕ್ಯಾಸಲಿಂಗ್ ರಾಜನ ನಡೆ, ರಾಜನನ್ನೇ ಮೊದಲು ಮುಟ್ಟಬೇಕು, ಒಂದೇ ಕೈಯಲ್ಲಿ. ಬೇಕೆಂದೇ ಆನೆಯನ್ನು ಮೊದಲು ಮುಟ್ಟಿದವರು ಆ ನಡೆಯಲ್ಲಿ ಆ ಪಕ್ಕಕ್ಕೆ ಕೋಟೆ ಕಟ್ಟುವಂತಿಲ್ಲ, ಆನೆಯನ್ನೇ ನಡೆಸಬೇಕು. ಆದರೆ ಎದುರಾಳಿ ಕೇಳಬೇಕು. ಕೇಳುವುದೂ ತಾನು ಯಾವುದೇ ಕಾಯಿ ಮುಟ್ಟುವ ಮೊದಲು. ಮುಟ್ಟಿದಿರೋ, ಹಕ್ಕು ಹೋಯಿತು.

ಇವಳು ಜಡೆ ಬಾಯಿಗಿಟ್ಟಳು. ಅದು ಕಿಟಕಿಯಿಂದ ಕಂಡಿತು. ಒಳಗೆ ಏನು ನಡೆಯುತ್ತಿತ್ತು ಅಂತ ಆಮೇಲೆ ಹೇಳಿದಳು: ‘ಆನೆ ಮುಟ್ದ ಕನ ಮಾವ ಮೊದ್ಲು. ಹೇಳ್ಳಾ ಬ್ಯಾಡ್ವಾ ಅಂತ. ಚಿಕ್ಕೋನು ಬೇರೆ.’ ನಮ್ಮ ಜಗಲಿಯ ಆಟದಲ್ಲಿ ‘ಬುಡ್ಲಾ, ವಾಪಸ್ ತಕ್ಕೊ’ ಎನ್ನುವುದೇ ದೊಡ್ಡಸ್ತಿಕೆ. ತಪ್ಪು ಹಿಡಿದವನಿಗೆ ಚಾಡಿಕೋರ ಅನ್ನುತ್ತಾರೆ. ಅದೇ ಸಂಕೋಚ ಟೂರ್ನಿಗೂ ಬರುತ್ತದೆ. ಇದು ಹಳ್ಳಿಗೇ ಸೀಮಿತವಲ್ಲ. 1994ರಲ್ಲಿ ಸ್ಪೇನಿನ ಲಿನಾರೆಸ್‌ನಲ್ಲಿ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಕುದುರೆಯೊಂದನ್ನು ಒಂದು ಮನೆಯಲ್ಲಿಟ್ಟು ಬೆರಳು ಬಿಟ್ಟು, ಮತ್ತೆ ಎತ್ತಿ ಬೇರೆ ಮನೆಗೆ ಇಟ್ಟ. ಎದುರಿಗಿದ್ದ ಹದಿನೇಳರ ಜುಡಿತ್ ಪೋಲ್ಗಾರ್ ನೋಡಿಯೂ ಅಲ್ಲಿ ದೂರಲಿಲ್ಲ, ಆಟ ಸೋತಳು. ಬೆರಳು ಬಿಟ್ಟದ್ದು ವಿಡಿಯೊದಲ್ಲಿ ಇತ್ತು. ವಿಡಿಯೊ ಇರಲಿ ಬಿಡಲಿ, ಕೈ ಎತ್ತದಿದ್ದರೆ ಎತ್ತದಂತೆಯೇ.

ಹಾಗಾಗಿ ಮನೆಯಲ್ಲಿ ಮೊದಲು ಅಭ್ಯಾಸ ಮಾಡಿಸಬೇಕಾದದ್ದು ಕೈ ಎತ್ತುವುದನ್ನು. ಗಡಿಯಾರ ನಿಲ್ಲಿಸಿ, ಕೈ ಮೇಲೆತ್ತಿ, ‘ಸರ್’ ಅಂದು ಸುಮ್ಮನೆ ಕೂರಬೇಕು. ವಾದ ಬೇಡ, ಅಳು ಬೇಡ. ಎದುರಾಳಿಯ ಮೇಲೆ ಕೋಪವೂ ಬೇಡ, ಕಾನೂನು ಇಬ್ಬರದೂ. ನಮ್ಮ ಹುಡುಗಿಗೆ ನಾನು ಇದನ್ನು ಹೇಳಿಕೊಟ್ಟಿರಲಿಲ್ಲ. ಮಳವಳ್ಳಿ ಕ್ರೀಡಾಕೂಟದಲ್ಲಿ ಕಬಡ್ಡಿ ನೋಡಿ ಕಲಿತಿದ್ದಳಂತೆ. ಕೈ ಎತ್ತಿದಳು. ಆರ್ಬಿಟರ್ ಬಂದು ಹುಡುಗನನ್ನು ಕೇಳಿದರು, ‘ಯಾವುದು ಮೊದಲು ಮುಟ್ಟಿದೆ?’ ಅವನು ಒಂದು ಗಳಿಗೆ ಹಲಗೆ ನೋಡಿ, ‘ರೂಕ್, ಸರ್’ ಅಂದ. ಅವನ ಅಪ್ಪ ನನ್ನ ಪಕ್ಕದ ಸರಳು ಹಿಡಿದಿದ್ದರು. ‘ಸುಳ್ಳು ಹೇಳಲ್ಲ ನಮ್ಮ ಹುಡುಗ’ ಎಂದರು, ಅರ್ಧ ಹೆಮ್ಮೆ ಅರ್ಧ ನೋವು. ಅವರಿಗೆ ನನ್ನ ಡಬ್ಬಿಯ ಟೊಮೆಟೊ ಬಾತ್ ಕೊಟ್ಟೆ. ಅದು ಇವಳ ಡಬ್ಬಿ ಎಂದು ಆಮೇಲೆ ನೆನಪಾಯಿತು.

ಆನೆ ಎಫ್1ಕ್ಕೆ ಹೋಯಿತು, ರಾಜ ಬಯಲಲ್ಲೇ ಉಳಿದ. ಅದರ ಫಲ ಆರೇಳು ನಡೆ ಕಳೆದು ಬಂತು. ಇವಳು ಡಿ6 ಆಡಿ ದಾರಿ ಬಿಡಿಸಿಕೊಂಡು ಇನ್ನೊಂದು ಒಂಟೆಯನ್ನು ಜಿ4ಕ್ಕೆ ತಂದಳು. ಅದು ಮಂತ್ರಿಯ ಮೇಲೆ ಗುರಿ, ಮಂತ್ರಿ ಜಿ3ಕ್ಕೆ ಓಡಿತು. ಒಂಟೆ ಕೊಟ್ಟು ಇ2ರ ಕುದುರೆ ತೆಗೆದಳು. ಡಿ4ಕ್ಕೆ ಇದ್ದ ಕಾವಲೇ ಆ ಕುದುರೆ. ಕಾವಲು ಹೋದ ಮನೆಗೆ ಇವಳ ಕುದುರೆ ನೆಗೆಯಿತು, ಅಲ್ಲಿಂದ ಸಿ2ಕ್ಕೆ. ರಾಜನಿಗೆ ಚೆಕ್, ಮೂಲೆಯ ಆನೆಗೆ ಗಾಳ. ರಾಜ ಸರಿದ, ಆನೆ ಹೋಯಿತು. ಬಸ್ಸಿನಲ್ಲಿ ಈ ನಡೆ ತೋರಿಸುವಾಗ ಕುದುರೆ ಟಕ್ಕೆಂದು ಸದ್ದು ಮಾಡಿತು, ಮುಂದಿನ ಸೀಟಿನ ಅಜ್ಜಿ ತಿರುಗಿ ನೋಡಿದರು. ಆಮೇಲಿನದು ಉದ್ದದ ಕಥೆ, ಕಾಯಿಗೆ ಕಾಯಿ ಹೋಗುತ್ತಾ ಹೋಯಿತು. ಕೊನೆಗೆ ಅವನ ಕಡೆ ರಾಜ ಒಬ್ಬನೇ. ಇವಳ ಕಡೆ ರಾಜ ಮತ್ತು ಮಂತ್ರಿ. ಗಡಿಯಾರದಲ್ಲಿ ಇವಳಿಗೆ ನಲವತ್ತು ಸೆಕೆಂಡ್.

ದೋಷ ಮತ್ತು ಪರಿಹಾರ

ಅವನ ರಾಜ ಎಚ್1ರ ಮೂಲೆಯಲ್ಲಿ. ಇವಳ ರಾಜ ಎಫ್3ರಲ್ಲಿ, ಮಂತ್ರಿ ಜಿ5ರಲ್ಲಿ. ಮಂತ್ರಿಯನ್ನು ನೇರ ಕೆಳಗೆ ಜಿ2ಕ್ಕೆ ಇಳಿಸಿದರೆ ಚೆಕ್‌ಮೇಟ್. ಇಳಿಸಿದಳು, ಜಿ3ಕ್ಕೆ. ಒಂದು ಮನೆ ಮೊದಲೇ ನಿಲ್ಲಿಸಿದಳು. ಗಡಿಯಾರ ಒತ್ತಿ, ಎರಡೂ ಕೈ ಕಟ್ಟಿ ಕುರ್ಚಿಗೆ ಒರಗಿದಳು. ಗೆದ್ದವರ ಕೂರುವಿಕೆ ಅದು, ಕಿಟಕಿಯಿಂದಲೂ ಗೊತ್ತಾಯಿತು. ಈ ಬಾರಿ ಕೈ ಎತ್ತಿದವನು ನೀಲಿ ಟೀ ಶರ್ಟು. ‘ಸರ್, ಸ್ಟೇಲ್‌ಮೇಟ್.’

ಅವನ ರಾಜನಿಗೆ ಚೆಕ್ ಇಲ್ಲ, ಆದರೆ ಇಡಲು ಒಂದು ಮನೆಯೂ ಇಲ್ಲ. ಡ್ರಾ. ಅರ್ಧ ಅರ್ಧ.

ಹೊರಗೆ ಬಂದವಳು ಅಳಲಿಲ್ಲ. ಸಿಟ್ಟಿನಿಂದ ಕೇಳಿದಳು: ‘ಹುಲಿ ಕಟ್ಟಾಕ್ದೆ ಮಾವ, ಅದ್ಯಾಕೆ ಅರ್ಧ?’

ನನಗೆ ಆಗ ಹೊಳೆಯಿತು, ತಪ್ಪು ಎಲ್ಲಿಯದು ಅಂತ. ನಮ್ಮ ಕಡೆಯ ಹಳೆಯ ಗುಡಿಗಳ ಹಾಸುಗಲ್ಲಿನ ಮೇಲೆ, ಅರಳಿಕಟ್ಟೆಯ ಮೇಲೆ, ಉಳಿಯಲ್ಲಿ ಕೊರೆದ ಮುಕ್ಕೋನದ ಮನೆ ನೋಡಿದ್ದೀರಲ್ಲ, ಹುಲಿ ಕುರಿ ಆಟದ್ದು. ಮೂರು ಹುಲಿ, ಹದಿನೈದು ಕುರಿ. ಹುಣಸೆ ಬೀಜ ಕುರಿಯಾಗುತ್ತದೆ, ಕಲ್ಲು ಹುಲಿಯಾಗುತ್ತದೆ. ಹುಲಿ ಹಾರಿ ಹಾರಿ ಕುರಿ ತಿನ್ನುತ್ತದೆ. ಕುರಿಗೆ ತಿನ್ನುವ ಬಾಯಿಲ್ಲ. ಅದು ಮಾಡಬಹುದಾದ್ದು ಒಂದೇ, ಒಟ್ಟಾಗಿ ಸುತ್ತ ನಿಂತು ಹುಲಿ ಮಿಸುಕದ ಹಾಗೆ ಕಟ್ಟುವುದು. ಮೂರೂ ಹುಲಿಗೆ ಇಡಲು ಮನೆಯಿಲ್ಲದಾಗ ಕುರಿ ಗೆದ್ದಂತೆ. ಬಂಡೂರಿನ ಮಗು ಯಾವ ಕಡೆ ಆಡುತ್ತದೆ ಎಂದು ಹೇಳಬೇಕೇ? ಅವರಜ್ಜಿ ಹುಲಿ, ಇವಳು ಕುರಿ. ಐದನೆಯ ವಯಸ್ಸಿನಿಂದ ಅವಳ ಕೈಗೆ ಗೊತ್ತಿರುವುದು ಇಷ್ಟು: ಎದುರಿನವನಿಗೆ ಇಡಲು ಜಾಗವಿಲ್ಲದಂತೆ ಮಾಡಿ ಎದ್ದು ಹೋಗು.

ನಾನು ಅವಳಿಗೆ ಚೆಕ್‌ಮೇಟ್ ಬಗೆಬಗೆಯಾಗಿ ಹೇಳಿಕೊಟ್ಟೆ. ಸ್ಟೇಲ್‌ಮೇಟನ್ನು ‘ಅದೊಂದು ಇದೆ, ಡ್ರಾ ಆಗುತ್ತೆ’ ಎಂದು ಒಂದು ಸಾಲಿನಲ್ಲಿ ಮುಗಿಸಿದೆ. ಪರೀಕ್ಷೆಯಲ್ಲಿ ಕೇಳಿದ್ದರೆ ಬರೆಯುತ್ತಿದ್ದಳು. ನಲವತ್ತು ಸೆಕೆಂಡ್ ಉಳಿದಾಗ ಕೈ ಹೋಗುವುದು ಓದಿದ ಕಡೆಗಲ್ಲ, ಆಡಿ ಪಳಗಿದ ಕಡೆಗೆ. ಕೈಪಿಡಿ ಬರೆಯಲು ಕೂತಿದ್ದೇ ಈ ಒಂದು ತಪ್ಪಿನಿಂದ, ಹಾಗಾಗಿ ಅದನ್ನು ದೊಡ್ಡಕ್ಷರದಲ್ಲಿ ಬರೆದುಕೊಳ್ಳಿ: ಮೂಲೆಯ ರಾಜನಿಂದ ಕುದುರೆ ನೆಗೆಯುವಷ್ಟು ದೂರದಲ್ಲಿ ಮಂತ್ರಿಯನ್ನು ಇಡಬೇಡಿ. ಅವನು ಒಬ್ಬನೇ ಉಳಿದಿದ್ದರೆ ಆಟ ಅಲ್ಲಿಗೆ ಡ್ರಾ.

ಅವಳ ಪ್ರಶ್ನೆ ಮಾತ್ರ ಬಾಲಿಶವಲ್ಲ. ಇದೇ ಚೆಸ್ಸಿನಲ್ಲಿ ಇಂಗ್ಲೆಂಡಿನವರು ಹದಿನೇಳನೆಯ ಶತಮಾನದಿಂದ ಹತ್ತೊಂಬತ್ತರ ಶುರುವಿನ ತನಕ ಇನ್ನೂ ವಿಚಿತ್ರವಾಗಿ ಆಡುತ್ತಿದ್ದರು: ರಾಜನನ್ನು ಹೀಗೆ ಕಟ್ಟಿಹಾಕಿದವನೇ ಸೋತಂತೆ. ಆ ಲೆಕ್ಕದಲ್ಲಿ ಇವಳಿಗೆ ಅರ್ಧವೂ ಇರುತ್ತಿರಲಿಲ್ಲ. ಇದನ್ನು ಹೇಳಿದೆ. ‘ಅವ್ರು ಹುಲಿ ಕಡೆಯೋರು’ ಎಂದಳು. ಈ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ ಎಂದು ನನ್ನ ಅಭಿಪ್ರಾಯ.

ಪರಿಹಾರಕ್ಕೆ ಬನ್ನಿ. ಗೆಲ್ಲುವ ಆಟ ಕೈತಪ್ಪಿದ ಮಗುವಿಗೆ ಮೊದಲ ಹತ್ತು ನಿಮಿಷ ಏನೂ ಹೇಳಬೇಡಿ. ‘ಜಿ2ಕ್ಕೆ ಇಟ್ಟಿದ್ರೆ ಮುಗಿದೋಗ್ತಿತ್ತಲ್ಲ’ ಎಂಬ ಮಾತು ನಿಮ್ಮ ನಾಲಗೆಯ ತುದಿಯಲ್ಲಿರುತ್ತದೆ. ಅದು ಆ ಮಗುವಿಗೆ ನಿಮಗಿಂತ ಮೊದಲೇ ಗೊತ್ತಾಗಿರುತ್ತದೆ. ನುಂಗಿಕೊಳ್ಳಿ. ತಿನ್ನಲು ಕೊಡಿ (ಡಬ್ಬಿಯಲ್ಲಿ ಏನಾದರೂ ಉಳಿದಿದ್ದರೆ, ಇಲ್ಲದಿದ್ದರೆ ಮದ್ದೂರು ವಡೆ). ದೊಡ್ಡವರ ತಪ್ಪುಗಳ ಕಥೆ ಹತ್ತು ನಿಮಿಷದ ಆಮೇಲೆ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ, ವಿಶ್ವ ಚಾಂಪಿಯನ್ ಪಟ್ಟದ ಹದಿನಾಲ್ಕನೆಯ, ಕೊನೆಯ ಆಟದಲ್ಲಿ, ಡ್ರಾ ಆಗಬೇಕಿದ್ದ ಹಲಗೆಯ ಮೇಲೆ ಡಿಂಗ್ ಲಿರೆನ್ ಐವತ್ತೈದನೆಯ ನಡೆಗೆ ಆನೆಯನ್ನು ಎಫ್2ಕ್ಕೆ ಇಟ್ಟರು. ಎದುರಿಗಿದ್ದ ಹದಿನೆಂಟರ ಗುಕೇಶ್‌ಗೆ ಆನೆ, ಒಂಟೆ ಎರಡನ್ನೂ ಬದಲಾಯಿಸಿಕೊಂಡು ಸಿಪಾಯಿಯ ಆಟ ಗೆಲ್ಲುವ ದಾರಿ ತೆರೆಯಿತು. ಪಟ್ಟವೇ ಹೋಯಿತು. ‘ಅವ್ರಿಗೆ ಅರ್ಧಾನೂ ಸಿಗ್ಲಿಲ್ವಾ?’ ಎಂದು ಕೇಳಿದಳು. ಇಲ್ಲವೆಂದೆ. ವಡೆಯ ಎರಡನೆಯ ತುಂಡು ಆಗ ಬಾಯಿಗೆ ಹೋಯಿತು.

ನಾಲ್ಕನೆಯ ಸುತ್ತಿಗೆ ಇನ್ನೂ ಕಾಲು ಗಂಟೆ ಇತ್ತು. ಹುಡುಕಿದರೆ ಕಾಣಲಿಲ್ಲ. ಟೂರ್ನಿ ನಡೆಯುತ್ತಿದ್ದ ಕಲ್ಯಾಣಮಂಟಪದ ಹಿಂದಿನ ಮೆಟ್ಟಿಲ ಮೇಲೆ ಸೀಮೆಸುಣ್ಣದಲ್ಲಿ ಮುಕ್ಕೋನ ಬರೆದು, ನೀಲಿ ಟೀ ಶರ್ಟಿನವನಿಗೆ ಹುಲಿ ಕುರಿ ಆಟ ಹೇಳಿಕೊಡುತ್ತಿದ್ದಳು. ಅವನು ಹುಲಿ. ‘ಇಲ್ಲಿ ಕಟ್ಟಿದ್ರೆ ಡ್ರಾ ಇಲ್ಲ, ಸೋತೆ ಅಂತ್ಲೇ ಲೆಕ್ಕ’ ಎಂದು ಅವನಿಂದ ಮೊದಲೇ ಒಪ್ಪಿಸಿಕೊಂಡಿದ್ದಳು. ಅವನ ರೇಟಿಂಗ್ ಅಲ್ಲಿ ಉಪಯೋಗಕ್ಕೆ ಬಂದಂತೆ ಕಾಣಲಿಲ್ಲ.

ಖಾತರಿ ಮತ್ತು ಒಂದು ಅರಿಕೆ

ಖಾತರಿ ಏನೂ ಇಲ್ಲ. ಏಳು ಸುತ್ತಿಗೆ ನಮ್ಮದು ನಾಲ್ಕೂವರೆ. ಆ ಇನ್ನರ್ಧ ಸಿಕ್ಕಿದ್ದರೆ ಐದು. ಅಂಕ ಸಮ ಬಂದವರನ್ನು ಬೇರೆ ಮಾಡಲು ಅವರ ಎದುರಾಳಿಗಳ ಅಂಕಗಳನ್ನು ಕೂಡುತ್ತಾರೆ. ಅಂದರೆ ನೀವು ಯಾರ ಹತ್ತಿರ ಆಡಿದಿರೋ ಅವರು ಆಮೇಲೆ ಗೆಲ್ಲುತ್ತಾ ಹೋದರೆ ನಿಮಗೆ ಲಾಭ. ಇದು ತಿಳಿದದ್ದೇ ತಡ, ಏಳನೆಯ ಸುತ್ತಿನಲ್ಲಿ ನಮ್ಮ ಹುಡುಗಿ ತನ್ನ ಆಟ ಬೇಗ ಮುಗಿಸಿ ಬಂದು ಕಿಟಕಿಯಲ್ಲಿ ನೀಲಿ ಟೀ ಶರ್ಟಿಗಾಗಿ ದೇವರಿಗೆ ಕೈ ಮುಗಿದು ನಿಂತಳು. ಅವನು ಗೆದ್ದ.

ಸಂಘಟಕರಲ್ಲಿ ಒಂದು ಮಾತು. ಆಟ ಐದೂಮುಕ್ಕಾಲಿಗೆ ಮುಗಿಯಿತು. ಬಹುಮಾನ ಕೊಡುವ ಅತಿಥಿಗಳು ದಾರಿಯಲ್ಲಿದ್ದಾರೆ ಎಂದು ಮೈಕಿನಲ್ಲಿ ಏಳು ಗಂಟೆಯವರೆಗೂ ಹೇಳುತ್ತಿದ್ದರು. ನಮ್ಮ ಕಡೆಗೆ ಆಮೇಲೆ ಸಿಗುವ ಬಸ್ಸು ಮಳವಳ್ಳಿಯ ತನಕ ಮಾತ್ರ. ನಾವು ಎದ್ದು ಬಂದೆವು. ಮಾರನೆಯ ದಿನ ಫೋನು ಬಂತು: ಹನ್ನೊಂದರೊಳಗಿನ ಹುಡುಗಿಯರಲ್ಲಿ ಎದುರಾಳಿಗಳ ಅಂಕ ಕೂಡಿದಾಗ ಇವಳಿಗೆ ಹತ್ತನೆಯ ಸ್ಥಾನ, ಒಂದು ಮೆಡಲ್ ಇದೆ, ಬಂದು ತೆಗೆದುಕೊಂಡು ಹೋಗಿ. ದಯವಿಟ್ಟು ದೀಪ ಹಚ್ಚುವ ಅತಿಥಿಗಳ ಕೈಯಲ್ಲೇ ಬೆಳಗ್ಗೆ ಮೆಡಲುಗಳನ್ನೂ ಮುಟ್ಟಿಸಿಬಿಡಿ, ಸಂಜೆ ನೀವೇ ಕೊಡಿ, ದೂರದ ಊರಿನ ಮಕ್ಕಳನ್ನು ಮೊದಲು ಕರೆಯಿರಿ. ನಮ್ಮ ಮೆಡಲ್ ಇನ್ನೂ ಅಲ್ಲೇ ಇದೆ.